ಎದೆಗೆ ಹೋಗುವ ಕೈ

ಅಮರಗೋಳ, ಹುಬ್ಬಳ್ಳಿ
೧೬ ಜನವರಿ ೨೦೨೪

ಶ್ರೀಮತಿ ಎಡಿತ್ ಸ್ಯಾಮ್ಯುಯೆಲ್ ಅವರಿಗೆ,

ನಾನು ನಿಮ್ಮ ಕ್ಷಯರೋಗ ಪರೀಕ್ಷೆಯ ಪ್ರಯೋಗಾಲಯಕ್ಕೆ ಮೂರು ವಾರದ ಹಿಂದೆ ಸೇರಿದ ವಿಶಾಲಳ ತಂದೆ. ಇಲ್ಲಿಯ ಮಾರುಕಟ್ಟೆ ಪ್ರಾಂಗಣದಲ್ಲಿ ನನ್ನದು ಒಣಮೆಣಸಿನಕಾಯಿಯ ದಲಾಲಿ ಅಂಗಡಿ. ನಿನ್ನೆ ಎರಡು ಸಲ ಫೋನ್ ಮಾಡಿದೆ. ಮೊದಲ ಸಲ ನೀವು ಒಳಗಿನ ಕೋಣೆಯಲ್ಲಿದ್ದೀರಿ, ಅಲ್ಲಿಗೆ ಫೋನ್ ಒಯ್ಯುವುದಿಲ್ಲ ಎಂದರು. ಎರಡನೆಯ ಸಲ ಸಿಕ್ಕಿರಿ. ನಾನು ದನಿ ಏರಿಸಿದ್ದು ನಿಜ. ಹರಾಜಿನ ಸವಾಲು ಕೂಗಿ ಕೂಗಿ ಆದ ಗಂಟಲು ಇದು, ಮೆಲ್ಲಗೆ ಮಾತಾಡಿದರೂ ಜಗಳದಂತೆ ಕೇಳುತ್ತದೆ. ನೀವು, "ಸಾಲಿಮಠ ಅವರ, ಸಿಟ್ಟಿನ್ಯಾಗ ಕೇಳಿದ್ದಕ್ಕ ಸಿಟ್ಟಿನ್ಯಾಗ ಉತ್ತರ ಬರ್ತೈತ್ರಿ. ಬರದು ಕಳಸ್ರಿ, ನಾನೂ ಬರದು ಕಳಸ್ತೇನಿ" ಎಂದು ಫೋನ್ ಇಟ್ಟಿರಿ. ನನಗೆ ಫೋನ್ ಇಟ್ಟವರು ಈ ಊರಲ್ಲಿ ಬಹಳ ಜನ ಇಲ್ಲ. ಇರಲಿ, ಬರೆಯುತ್ತಿದ್ದೇನೆ. ಮಗಳ ಕೈಯಲ್ಲೇ ಕೊಟ್ಟು ಕಳಿಸಬಹುದಿತ್ತು, ಆಕೆ ದಾರಿಯಲ್ಲೇ ಒಡೆದು ಓದಿಬಿಡುತ್ತಾಳೆ. ಅದಕ್ಕೆ ಟಪಾಲು.

ವಿಷಯ ಒಂದೇ. ಇದೇ ತಿಂಗಳ ಇಪ್ಪತ್ತೊಂಬತ್ತಕ್ಕೆ ವಿಶಾಲ ಒಳಗಿನ ಕೋಣೆಗೆ ಹೋಗಬೇಕಂತೆ. ಹೋಗುವಾಗ ಕೈಗಡಿಯಾರ, ಬಳೆ, ಓಲೆ, ಮೈಮೇಲಿನ ಎಲ್ಲವನ್ನೂ ಹೊರಗಿನ ಕಪಾಟಿನಲ್ಲಿ ತೆಗೆದಿಡಬೇಕಂತೆ. ಬಳೆ ತೆಗೆಯಲಿ, ಗಡಿಯಾರ ತೆಗೆಯಲಿ. ಆದರೆ ಆಕೆಯ ಕೊರಳಲ್ಲಿ ಇಷ್ಟಲಿಂಗ ಇದೆ. ಹುಟ್ಟಿದ ಕೆಲವೇ ದಿನಕ್ಕೆ ಕಟ್ಟಿದ್ದು. ಅಂದಿನಿಂದ ಈ ಇಪ್ಪತ್ತಾರು ವರ್ಷ ಅದು ಆಕೆಯ ಮೈ ಬಿಟ್ಟು ಒಂದು ಗೇಣು ದೂರ ಹೋಗಿಲ್ಲ. ಟೈಫಾಯಿಡ್ ಬಂದು ಆಸ್ಪತ್ರೆಯಲ್ಲಿ ಮಲಗಿದಾಗಲೂ ದಾರ ಬಿಚ್ಚಗೊಡಲಿಲ್ಲ. ಅದನ್ನು ಕೀಲಿ ಹಾಕಿದ ಕಪಾಟಿನಲ್ಲಿ ಚಪ್ಪಲಿಯ ಪಕ್ಕದಲ್ಲಿ ಇಟ್ಟು ಬಾ ಎಂದು ಹೇಳಲು ನಿಮಗೆ ಹೇಗೆ ಮನಸ್ಸು ಬಂತೋ ತಿಳಿಯದು.

ನಮ್ಮಲ್ಲಿ ಲಿಂಗ ಇರುವ ಮೈಗೆ ಮೈಲಿಗೆ ಇಲ್ಲ. ನಿಮ್ಮ ನಿಯಮ ನಿಮಗೆ, ನಮ್ಮದು ನಮಗೆ. ಇದಕ್ಕೆ ದಾರಿ ಇಲ್ಲ ಎಂದಾದರೆ ಆಕೆ ಕೆಲಸ ಬಿಡುತ್ತಾಳೆ. ಆಕೆ ಬಿಡುವುದಿಲ್ಲ ಎನ್ನುತ್ತಾಳೆ, ಅದು ಬೇರೆ ಮಾತು.

ಉತ್ತರಕ್ಕೆ ಕಾದಿರುವ
ಗುರುಸಿದ್ದಯ್ಯ ಸಾಲಿಮಠ


ದೇಶಪಾಂಡೆ ನಗರ, ಹುಬ್ಬಳ್ಳಿ
೧೯ ಜನವರಿ ೨೦೨೪

ಮಾನ್ಯ ಸಾಲಿಮಠ ಅವರಿಗೆ ನಮಸ್ಕಾರ.

ಪತ್ರ ಬಂತು. ಅಕ್ಷರ ಚೆನ್ನಾಗಿದೆ, ದನಿಗಿಂತ ಮೆತ್ತಗಿದೆ.

ಮೊದಲು ಒಂದು ಮಾತು ಸರಿಪಡಿಸುತ್ತೇನೆ. ಲಿಂಗವನ್ನು ಕಪಾಟಿನಲ್ಲಿ ಇಡು ಎಂದು ನಾನು ವಿಶಾಲಳಿಗೆ ಹೇಳಿಲ್ಲ. ನಿಯಮದ ಹಾಳೆಯಲ್ಲಿ "ಮೈಮೇಲಿನ ಎಲ್ಲ ಆಭರಣ" ಎಂದಿದೆ. ಆಕೆ ಓದಿ, ಇದು ಆಭರಣದಲ್ಲಿ ಬರುತ್ತದೆಯೇ ಎಂದು ಕೇಳಿದಳು. ವಿನಾಯಿತಿ ಕೇಳಲಿಲ್ಲ, ಕಾರಣ ಕೇಳಿದಳು. ಮೂವತ್ತೈದು ವರ್ಷದಲ್ಲಿ ಹೊಸಬರು ಯಾರೂ ನನ್ನನ್ನು ಕಾರಣ ಕೇಳಿದ್ದಿಲ್ಲ. ಕೆಲವರು ಒಪ್ಪುತ್ತಾರೆ, ಕೆಲವರು ನಾನು ಕಾಣದಾಗ ತಪ್ಪಿಸುತ್ತಾರೆ.

ಕಾರಣ ಇದು. ಹಾವೇರಿ, ಗದಗ, ಕಾರವಾರದಿಂದೆಲ್ಲ ಕೆಮ್ಮುವವರ ಕಫ ನಮ್ಮಲ್ಲಿಗೆ ಬರುತ್ತದೆ. ಅದರಲ್ಲಿ ಕ್ಷಯದ ಜೀವಾಣು ಇದೆಯೇ, ಇದ್ದರೆ ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯಲು ನಾವು ಆ ಜೀವಾಣುವನ್ನು ಬೆಳೆಸಿ ನೋಡುತ್ತೇವೆ. ಕೆಮ್ಮಿದಾಗ ಹಾರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಆ ನಳಿಕೆಗಳಲ್ಲಿ ಇರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ, ಯಾರ ಜಾತಿಯನ್ನೂ ಕೇಳುವುದಿಲ್ಲ. ಹಾಗಾಗಿ ಜೋತಾಡುವುದು ಬೇಡ, ಕೈಗವಸು ಹರಿಯುವಂಥ ಉಂಗುರ ಬೇಡ, ಕೈ ಹೋಗಿ ಮುಟ್ಟುವಂಥದ್ದು ಏನೂ ಬೇಡ.

ನಾನು ಯೋಚಿಸಿ ಒಂದು ದಾರಿ ಬರೆದಿದ್ದೇನೆ. ಲಿಂಗ ಇಡುವ ಬೆಳ್ಳಿಯ ಕರಡಿಗೆ ಬೇಡ. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ಶಿವದಾರ ಗಿಡ್ಡ ಮಾಡಿ, ಒಳ ಉಡುಪಿನ ಕೆಳಗೆ ಮೈಗೆ ಬಿಗಿಯಾಗಿ ಕಟ್ಟಿಕೊಳ್ಳಬೇಕು. ಅದರ ಮೇಲೆ ನಮ್ಮ ಮುಚ್ಚಿದ ಗೌನು. ಒಂದೇ ಷರತ್ತು: ಬಾಗಿಲು ದಾಟಿ ಒಳಗೆ ಹೋದಾಗಿನಿಂದ ಹೊರಗೆ ಬರುವವರೆಗೆ ಕೈ ಅಲ್ಲಿಗೆ ಹೋಗಕೂಡದು. ಎಲ್ಲಿಗೂ ಹೋಗಕೂಡದು, ಮುಖಕ್ಕೂ.

ನಿಮಗೆ ನಂಬಿಕೆ ಬಾರದಿದ್ದರೆ ಇಪ್ಪತ್ತೊಂಬತ್ತಕ್ಕೆ ಬನ್ನಿ. ಒಳಗೆ ಬಿಡುವುದಿಲ್ಲ. ಗಾಜಿನಾಚೆ ನಿಂತು ನೋಡಬಹುದು.

ವಿಶ್ವಾಸದಿಂದ
ಎಡಿತ್ ಸ್ಯಾಮ್ಯುಯೆಲ್


ಅಮರಗೋಳ
೧ ಫೆಬ್ರವರಿ ೨೦೨೪

ಎಡಿತ್ ಬಾಯಿಯವರಿಗೆ ಗುರುಸಿದ್ದಯ್ಯನ ಶರಣು.

ಮೊನ್ನೆ ಜಗಳ ಆಡಲು ಬಂದಿದ್ದೆ. ಹೊಸ ರುಮಾಲು ಸುತ್ತಿಕೊಂಡು ಬಂದಿದ್ದೆ, ಅದನ್ನು ನೀವು ಗಮನಿಸಿರಬೇಕು. ಜಗಳ ಆಗಲಿಲ್ಲ. ಮನೆಗೆ ಹೋಗಿ ನಮ್ಮ ಮನೆಯಾಕೆ ಗೌರಕ್ಕನಿಗೆ ಹೇಳಲು ಕೂತೆ, ಊಟ ಆರಿಹೋಯಿತು.

ಮನೆಯಲ್ಲಿ ಉಂಡ ತಾಟು ಎತ್ತಿಡದ ಹುಡುಗಿ ಅವಳು. ಟವೆಲು ಎಲ್ಲಿ ಬಿದ್ದಿದೆ ಎಂದು ಅವ್ವನೇ ಹುಡುಕಬೇಕು. ಆ ಹುಡುಗಿ ಗಾಜಿನಾಚೆ ಒಂದೊಂದೇ ಹಾಕಿಕೊಳ್ಳುತ್ತಿದ್ದುದನ್ನು ನೋಡಿದೆ. ಕಾಲಿಗೆ ಚೀಲ, ತಲೆಗೆ ಟೊಪ್ಪಿಗೆ, ಬೆನ್ನಿಗೆ ಕಟ್ಟುವ ಗೌನು, ಮೂಗು ಬಾಯಿ ಮುಚ್ಚುವ ಗಟ್ಟಿ ಮಾಸ್ಕು. ಅದನ್ನು ಹಾಕಿಕೊಂಡು ಎರಡೂ ಕೈ ಒತ್ತಿ ಜೋರಾಗಿ ಉಸಿರು ಬಿಟ್ಟಳು. ಅಂಚಿನಿಂದ ಗಾಳಿ ಸೋರಿದರೆ ಮತ್ತೆ ಮೊದಲಿನಿಂದ ಎಂದಿರಿ. ಎರಡು ಸಲ ಸೋರಿತು, ಎರಡು ಸಲ ಬಿಚ್ಚಿ ಹಾಕಿದಳು, ಮುಖ ಗಂಟಿಕ್ಕಲಿಲ್ಲ. ಆಮೇಲೆ ಕೈಗವಸು, ಅದರ ಮೇಲೆ ಇನ್ನೊಂದು ಕೈಗವಸು. ಬೆಳಿಗ್ಗೆ ಮಿಂದು ಮಡಿಯುಟ್ಟು ಪೂಜೆಗೆ ಕೂಡುವ ನಾನು ನಾಲ್ಕು ನಿಮಿಷದಲ್ಲಿ ಎಲ್ಲ ಮುಗಿಸುತ್ತೇನೆ. ಈಕೆಗೆ ಹದಿನೈದು ನಿಮಿಷ ಬೇಕಾಯಿತು.

ನೀವು ಬಾಗಿಲ ಸಂದಿಗೆ ತೆಳು ಕಾಗದದ ಪಟ್ಟಿ ಹಿಡಿದು ತೋರಿಸಿದಿರಿ. ಅದು ಒಳಗೆ ಬಾಗಿತು. ಗಾಳಿ ಯಾವಾಗಲೂ ಹೊರಗಿನಿಂದ ಒಳಕ್ಕೇ ಹೋಗಬೇಕು, ಒಳಗಿನದು ಹೊರಗೆ ಬರಬಾರದು, ಬಂದರೆ ಸೋಸಿ ಬರಬೇಕು ಎಂದಿರಿ. ಅಷ್ಟೇ ಅಲ್ಲ, ಒಳಗೆ ಬರೆದ ಹಾಳೆಯೂ ಹೊರಗೆ ಬರುವುದಿಲ್ಲ. ವಿಶಾಲ ಹಾಳೆಯನ್ನು ಗಾಜಿಗೆ ಹಿಡಿದಳು, ಈಚೆ ನಿಂತ ನಿಮ್ಮ ಸಿಬ್ಬಂದಿಯ ಹುಸೇನಬಾಷಾ ಅದನ್ನು ನೋಡಿ ಬರೆದುಕೊಂಡ. ಒಂದು ಅಂಕಿಯ ಬಗ್ಗೆ ಸಂದೇಹ ಬಂತು, ಕೈ ಎತ್ತಿದ, ಆಕೆ ಬೆರಳು ಎಣಿಸಿ ತೋರಿಸಿದಳು. ನನ್ನ ಅಂಗಡಿಯಲ್ಲಿ ಇಂಥ ಇಬ್ಬರು ಇದ್ದಿದ್ದರೆ ನಾನು ಇಷ್ಟೊಂದು ಕೂಗಬೇಕಾಗಿರಲಿಲ್ಲ.

ಆಕೆ ಒಳಗಿದ್ದ ಎರಡು ತಾಸೂ ನಾನು ಆ ಎರಡು ಕೈಗಳನ್ನೇ ನೋಡುತ್ತಿದ್ದೆ. ಒಮ್ಮೆಯೂ ಎದೆಯ ಹತ್ತಿರ ಬರಲಿಲ್ಲ. ಗೌರಕ್ಕನಿಗೆ ಹೇಳಿದೆ, ನಮ್ಮ ಮಗಳು ಮಠದ ಪಟ್ಟದ ಅಯ್ಯನವರಿಗಿಂತ ಶಿಸ್ತಿನಲ್ಲಿದ್ದಾಳೆ ಎಂದು. ಆಕೆ, "ಹಂಗಾರ ನಾಳಿಂದ ತಾಟು ತೊಳಿಯಾಕ ಹೇಳ್ರಿ" ಎಂದಳು.

ಸೋತವನ ಶರಣುಗಳೊಂದಿಗೆ
ಗುರುಸಿದ್ದಯ್ಯ


ದೇಶಪಾಂಡೆ ನಗರ
೨೦ ಮಾರ್ಚ್ ೨೦೨೪

ಅಯ್ಯನವರಿಗೆ,

ಈ ಪತ್ರ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಎರಡು ದಿನ ಬಿಟ್ಟು ಬರೆದರೂ ಸಿಟ್ಟು ಇಳಿದಿಲ್ಲ.

ಸೋಮವಾರ ನೀವು ನಿಮ್ಮ ಹಮಾಲ ಹೊಳೆಯಪ್ಪನ ಕಫವನ್ನು ಉಪ್ಪಿನಕಾಯಿಯ ಸಣ್ಣ ಬಾಟಲಿಯಲ್ಲಿ ಹಾಕಿ, ಹೆಸರಿನ ಚೀಟಿಯನ್ನು ಅದಕ್ಕೇ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದಿರಿ. ನಮ್ಮ ಸಿಬ್ಬಂದಿ ಚಹಾ ಕುಡಿಯುವ ಮೇಜಿನ ಮೇಲೆ ಇಟ್ಟಿರಿ. "ನಮ್ಮ ಮಗಳು ಇಲ್ಲೇ ಅದಾಳ, ಲಗೂ ನೋಡಿಸ್ರಿ" ಎಂದಿರಿ. ಚೀಟಿ ತೊಯ್ದಿತ್ತು.

ನಾನು ಅದನ್ನು ಪರೀಕ್ಷೆಗೆ ತೆಗೆದುಕೊಳ್ಳಲಿಲ್ಲ, ನಾಶಮಾಡಿಸಿದೆ. ಮೇಜು ತೊಳೆಸಿದೆ. ಆ ಕೋಣೆಯನ್ನು ಒಂದು ತಾಸು ಮುಚ್ಚಿಸಿದೆ. ಹೊಳೆಯಪ್ಪನನ್ನು ಆರೋಗ್ಯ ಕೇಂದ್ರಕ್ಕೆ ಕಳಿಸಿ ಎಂದು ನಿಮಗೆ ಹೇಳಿದೆ, ಅಲ್ಲಿಂದ ಆತನ ಮಾದರಿ ಹೇಗೆ ಬರಬೇಕೋ ಹಾಗೆ ಬಂತು. ತಿರುಪು ಮುಚ್ಚಳದ ನಳಿಕೆ, ಅದರ ಸುತ್ತ ಹತ್ತಿ, ಮುಚ್ಚಿದ ಚೀಲ, ಅದರ ಹೊರಗೆ ಗಟ್ಟಿ ಡಬ್ಬಿ, ಚೀಟಿ ಬೇರೆ. ಒಂದು ಒಡೆದರೆ ಇನ್ನೊಂದು ಹಿಡಿಯಬೇಕು, ಅದು ಒಡೆದರೆ ಮತ್ತೊಂದು.

ಇವತ್ತು ತುರ್ತು ಪರೀಕ್ಷೆಯ ಫಲಿತಾಂಶ ಬಂತು. ಹೊಳೆಯಪ್ಪನಿಗೆ ಕ್ಷಯ ಇದೆ. ಅಂದರೆ ಅದು ನಿಮ್ಮ ಜೇಬಿನಲ್ಲಿ ಬಸ್ಸಿನಲ್ಲಿ ಬಂದಿತ್ತು. ನಾಳೆಯೇ ನೀವು, ಗೌರಕ್ಕನವರು, ಅಂಗಡಿಯವರೆಲ್ಲ ತಪಾಸಣೆ ಮಾಡಿಸಿಕೊಳ್ಳಿ. ಆತನಿಗೆ ಔಷಧಿ ಶುರುವಾಗಿದೆ, ಬಿಡದಂತೆ ನೋಡಿಕೊಳ್ಳಿ, ಗುಣವಾಗುತ್ತಾನೆ.

ವಿಶಾಲಳಿಗೆ ನಾಚಿಕೆಯಾಗಿತ್ತು. ಆದರೂ ಮೇಜು ತೊಳೆದವಳು ಆಕೆಯೇ.

ಎಡಿತ್ ಸ್ಯಾಮ್ಯುಯೆಲ್


ಅಮರಗೋಳ
೨೬ ಮಾರ್ಚ್ ೨೦೨೪

ಎಡಿತ್ ಬಾಯಿಯವರಿಗೆ,

ತಪ್ಪಾಯಿತು. ಇದಕ್ಕಿಂತ ಉದ್ದ ಬರೆದರೆ ನೆಪ ಹೇಳಿದಂತಾಗುತ್ತದೆ.

ಎಲ್ಲರ ತಪಾಸಣೆ ಆಯಿತು, ಯಾರಿಗೂ ಏನೂ ಇಲ್ಲ. ಹೊಳೆಯಪ್ಪ ನನ್ನೆದುರಿಗೇ ಗುಳಿಗೆ ನುಂಗುತ್ತಾನೆ, ನುಂಗಿ ಬಾಯಿ ತೆರೆದು ತೋರಿಸುತ್ತಾನೆ. ಮಗಳು ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದಳು. ನಿನ್ನೆ ಬಂದು ನನ್ನ ಜೇಬನ್ನು ಮುಟ್ಟಿ ನೋಡಿ, "ಇವತ್ತೇನು ತಂದೀರಿ?" ಎಂದು ಕೇಳಿದಳು. ಕ್ಷಮಿಸಿದಳು ಎಂದುಕೊಂಡಿದ್ದೇನೆ.

ಸ್ವಂತ ಸಿಬ್ಬಂದಿಯ ತಂದೆ ತಂದದ್ದನ್ನು ನೀವು ಹೊರಗೆ ಹಾಕಿದಿರಿ. ಮಾರುಕಟ್ಟೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ. ನನ್ನ ಅವಮಾನ ಎಂದು ಅಲ್ಲ, ನಿಮ್ಮ ಹೆಚ್ಚುಗಾರಿಕೆ ಎಂದು.

ನಿಮ್ಮ
ಗುರುಸಿದ್ದಯ್ಯ


ದೇಶಪಾಂಡೆ ನಗರ
೧೨ ಜೂನ್ ೨೦೨೪

ಅಯ್ಯನವರಿಗೆ,

ನಿನ್ನೆ ನಡೆದದ್ದನ್ನು ವಿಶಾಲ ನಿಮಗೆ ಹೇಳಿರುತ್ತಾಳೆ. ಆಕೆ ತನ್ನ ತಪ್ಪನ್ನು ಮಾತ್ರ ಹೇಳಿರುತ್ತಾಳೆ ಎಂದು ನನಗೆ ಗೊತ್ತು. ಉಳಿದದ್ದನ್ನು ನಾನು ಬರೆಯಬೇಕು.

ಬೆಳಿಗ್ಗೆ ಹನ್ನೊಂದಕ್ಕೆ ನಳಿಕೆಗಳನ್ನು ತಿರುಗಿಸುವ ಯಂತ್ರದೊಳಗೆ ಟಕ್ ಎಂದು ಸದ್ದಾಯಿತು. ವಿಶಾಲ ಯಂತ್ರ ನಿಲ್ಲಿಸಿದಳು. ಮುಚ್ಚಳ ತೆಗೆಯಲಿಲ್ಲ, ಗಡಿಯಾರ ನೋಡಿ ಅರ್ಧ ತಾಸು ಕಾದಳು. ಆಮೇಲೆ ಒಳಗಿನ ಮುಚ್ಚಿದ ಬಟ್ಟಲನ್ನು ಮುಚ್ಚಿದಂತೆಯೇ ಎತ್ತಿ, ಗಾಳಿ ಸೋಸುವ ಗಾಜಿನ ಗೂಡಿನೊಳಗೆ ಇಟ್ಟು, ಅಲ್ಲಿಯೇ ತೆರೆದಳು. ಎಲ್ಲವೂ ಕಲಿಸಿದಂತೆ. ತೆರೆದಾಗ ನಳಿಕೆ ಸೀಳಿತ್ತು, ದ್ರವ ಆಕೆಯ ಬಲಗೈಯ ಗವಸಿಗೆ ಹತ್ತಿತು. ಆ ಕ್ಷಣದಲ್ಲಿ ಆಕೆ ಹೆದರಿದಳು. ಆ ಕೈ ಗೂಡಿನಿಂದ ಹೊರಬಂದು ಎದೆಯ ಮೇಲೆ, ಲಿಂಗ ಇರುವಲ್ಲಿ, ಗೌನಿನ ಮೇಲಿಂದ ಒತ್ತಿಕೊಂಡಿತು.

ಎರಡು ಸೆಕೆಂಡು ಇರಬಹುದು. ಕೋಣೆಯಲ್ಲಿದ್ದ ಹುಸೇನಬಾಷಾ ಬೆನ್ನು ಮಾಡಿ ಕೂತಿದ್ದ. ಗಾಜಿನಾಚೆ ಯಾರೂ ಇರಲಿಲ್ಲ. ಯಾರೂ ನೋಡಲಿಲ್ಲ ಅಯ್ಯನವರೇ. ಆಕೆ ಸುಮ್ಮನೆ ಇದ್ದಿದ್ದರೆ ಇವತ್ತಿಗೂ ಯಾರಿಗೂ ತಿಳಿಯುತ್ತಿರಲಿಲ್ಲ. ಆಕೆ ಇದ್ದಲ್ಲೇ ನಿಂತು ಗಟ್ಟಿಯಾಗಿ, "ಹುಸೇನಬಾಷಾ ಅಣ್ಣಾರ, ನನ್ನ ಕೈ ಎದಿ ಮ್ಯಾಲೆ ಹೋತ್ರಿ" ಎಂದಳು.

ಆಮೇಲಿನದ್ದು ನಿಯಮದಂತೆ ಆಯಿತು. ಮೇಲಿನ ಗವಸು ಗೂಡಿನೊಳಗೇ ಬಿಚ್ಚಿದಳು, ಗೌನಿನ ಮೇಲೆ ಔಷಧಿ ತೊಯಿಸಿದ ಬಟ್ಟೆ ಹಾಕಿದರು, ಒಳಗಿನ ಭಾಗ ಹೊರಗೆ ಬರುವಂತೆ ಸುತ್ತಿ ತೆಗೆದರು, ಇಬ್ಬರೂ ಹೊರಬಂದರು, ಬಾಗಿಲು ಮುಚ್ಚಿತು. ಮಾಸ್ಕು ಎಲ್ಲಕ್ಕಿಂತ ಕೊನೆಗೆ. ಬಟ್ಟೆಯೆಲ್ಲ ಆವಿಯಲ್ಲಿ ಬೇಯಿಸಲು ಹೋಯಿತು. ಆದರೆ ಲಿಂಗಕ್ಕೆ ನಮ್ಮ ಹಾಳೆಯಲ್ಲಿ ನಿಯಮ ಇರಲಿಲ್ಲ. ತೇವ ಗೌನಿನೊಳಗೆ ಇಳಿದಿಲ್ಲ ಎಂದು ನಾನು ಖಾತ್ರಿಯಾಗಿ ಹೇಳಲಾರೆ. ಔಷಧಿಯಲ್ಲಿ ಅದ್ದಿದರೆ ಅದರ ಮೇಲಿನ ಕಪ್ಪು ಕಾಂತಿ ಹೋಗಬಹುದು. ನಿಮಗೆ ಫೋನ್ ಮಾಡಬೇಕೆಂದಿದ್ದೆ. ಆಕೆ ಬೇಡ ಎಂದಳು. ಹೊಸ ಗವಸು ಹಾಕಿಕೊಂಡು, ಲಿಂಗವನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು, ಆ ಕೈಯನ್ನು ಹಾಗೆಯೇ ಔಷಧಿಯ ತಟ್ಟೆಯಲ್ಲಿ ಇಳಿಸಿದಳು. ಹತ್ತು ನಿಮಿಷ. ಕಣ್ಣು ಮುಚ್ಚಿರಲಿಲ್ಲ, ಗಡಿಯಾರ ನೋಡುತ್ತಿದ್ದಳು. ಕಾಂತಿ ಸ್ವಲ್ಪ ಮಾಸಿದೆ. ಅರವತ್ತು ವರ್ಷದಿಂದ ನಾನು ಚರ್ಚಿಗೆ ಹೋಗುತ್ತಿದ್ದೇನೆ, ಒಬ್ಬರು ಇಷ್ಟು ಅಲುಗಾಡದೆ ನಿಂತದ್ದನ್ನು ನೋಡಿಲ್ಲ.

ಮಾಸ್ಕು ಸರಿಯಾಗಿ ಇತ್ತು, ಹಾಗಾಗಿ ಅಪಾಯ ಕಡಿಮೆ. ಎಕ್ಸ್-ರೇ, ರಕ್ತ ಪರೀಕ್ಷೆ ಈಗೊಮ್ಮೆ ಆಗಿದೆ, ಆಗಸ್ಟ್ ಕೊನೆಗೆ ಮತ್ತೊಮ್ಮೆ. ಅಲ್ಲಿಯವರೆಗೆ ಆಕೆ ಒಳಗೆ ಹೋಗುವಂತಿಲ್ಲ. ಘಟನೆಗಳ ಪುಸ್ತಕದಲ್ಲಿ ನಾನೇ ಬರೆದೆ. ಲಿಂಗಕ್ಕೆ ಅನುಮತಿ ಕೊಟ್ಟವಳು ನಾನು, ಕೈಗೆ ಪಾಠ ಕಲಿಸದೆ ಬಿಟ್ಟವಳೂ ನಾನು ಎಂದು.

ನೊಂದ ಮನಸ್ಸಿನಿಂದ
ಎಡಿತ್


ಅಮರಗೋಳ
೧೬ ಜೂನ್ ೨೦೨೪

ಎಡಿತಕ್ಕನವರಿಗೆ ಶರಣು.

ನಿಮ್ಮ ಪತ್ರವನ್ನು ಗೌರಕ್ಕನಿಗೆ ಓದಿ ಹೇಳಲು ಕೂತೆ. ಅರ್ಧಕ್ಕೆ ನಿಲ್ಲಿಸಿ ಹಾಳೆಯನ್ನು ಆಕೆಯ ಕೈಗೇ ಕೊಟ್ಟೆ.

ನಿಮ್ಮ ಪುಸ್ತಕದಲ್ಲಿ ನಿಮ್ಮ ಹೆಸರು ಹೊಡೆದು ನನ್ನ ಹೆಸರು ಬರೆಯಿರಿ. ವಿಶಾಲಳಿಗೆ ನಾಲ್ಕು ವರ್ಷ ಇದ್ದಾಗ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಪಕ್ಕದಲ್ಲಿ ಕಾಳು ಸೋಸುವ ಯಂತ್ರ ಒಮ್ಮೆಲೇ ಶುರುವಾಯಿತು, ಮಗು ಚೀರಿ ನನ್ನ ಕಾಲು ಹಿಡಿಯಿತು. ಆಗ ಆಕೆಯ ಕೈ ಹಿಡಿದು ಎದೆಯ ಮೇಲೆ ಇಟ್ಟು, ಅಂಜಿಕೆಯಾದಾಗ ಇಲ್ಲಿ ಕೈ ಇಡು, ಅವನಿದ್ದಾನೆ ಎಂದು ಹೇಳಿದವನು ನಾನು. ನಾಯಿ ಬೊಗಳಿದರೆ, ಸಿಡಿಲು ಬಡಿದರೆ, ಸಾಲಿಯ ಪರೀಕ್ಷೆಯ ಫಲಿತಾಂಶ ಬಂದರೆ ಆ ಕೈ ಅಲ್ಲಿಗೇ ಹೋಗುತ್ತಿತ್ತು, ನೋಡಿ ನನಗೆ ಹೆಮ್ಮೆ. ಇಪ್ಪತ್ತೆರಡು ವರ್ಷ ಕಲಿಸಿದ್ದನ್ನು ನಿಮ್ಮ ಒಂದು ಹಾಳೆಯ ನಿಯಮ ಹೇಗೆ ಬಿಡಿಸಬೇಕು?

ಆಕೆ ಊಟ ಬಿಟ್ಟಿದ್ದಾಳೆ. ರೋಗದ ಹೆದರಿಕೆಯಿಂದ ಅಲ್ಲ. ಮತ್ತೆ ಒಳಗೆ ಬಿಡುವುದಿಲ್ಲವೋ ಏನೋ ಎಂದು. ಜನವರಿಯಲ್ಲಿ ಈ ಕೆಲಸ ಬಿಡಿಸಬೇಕೆಂದಿದ್ದವನು ನಾನು. ಈಗ ನಾನೇ ಕೇಳುತ್ತಿದ್ದೇನೆ, ಆಕೆಯನ್ನು ಒಳಗೆ ಬಿಡಿ.

ಲಿಂಗ ಬಿಚ್ಚಿಟ್ಟು ಹೋಗಲಿ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಮುಟ್ಟಬೇಡ ಎನ್ನಲೂ ಏಳುತ್ತಿರಲಿಲ್ಲ. ಆದರೆ ನಿನ್ನೆ ಗೌರಕ್ಕ, ರೊಟ್ಟಿ ಬಡಿಯುತ್ತ ತಲೆ ಎತ್ತದೆ ಒಂದು ಮಾತು ಅಂದಳು: "ಕೈ ಇಟ್ಟು ನೋಡಿದ್ರಽ ಅವ ಅದಾನ ಅಂತ ತಿಳಿಯೋದಂದ್ರ, ಅದೆಂಥಾ ನಂಬಿಕಿರಿ ನಿಮ್ಮದು?" ಆ ಮಾತು ಕೇಳಿಯೇ ಈ ಪತ್ರ ಬರೆಯಲು ಕೂತೆ.

ಕಲಿಸಿದವನೇ ಬಿಡಿಸುತ್ತೇನೆ. ಸಮಯ ಕೊಡಿ.

ಗುರುಸಿದ್ದಯ್ಯ


ದೇಶಪಾಂಡೆ ನಗರ
೨ ಜುಲೈ ೨೦೨೪

ಅಯ್ಯನವರಿಗೆ,

ನಮ್ಮ ಪುಸ್ತಕದಲ್ಲಿ ತಪ್ಪು ಯಾರದು ಎಂಬ ಅಂಕಣವೇ ಇಲ್ಲ. ನನ್ನ ಹೆಸರನ್ನೂ ನಾನು ಅಂಚಿನಲ್ಲಿ ಬರೆದಿದ್ದೆ. ಇರುವುದು ಎರಡೇ: ಏನಾಯಿತು, ಏನು ಬದಲಿಸುತ್ತೇವೆ. ಆ ಅಂಕಣ ತೆಗೆದವಳು ನಾನು. ಯಾಕೆಂದು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ಬಹಳ ವರ್ಷದ ಹಿಂದೆ, ಬೇರೆ ಊರಿನ ಒಂದು ಪ್ರಯೋಗಾಲಯದಲ್ಲಿ ಮರ್ಸಿ ಎಂಬ ಹುಡುಗಿ ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದಳು. ಒಂದು ದಿನ ಆಕೆಯ ಕೈಯಿಂದ ನಳಿಕೆ ಬಿದ್ದು ಒಡೆಯಿತು. ಯಾರಿಗೂ ಹೇಳದೆ, ಮಾಸ್ಕೂ ಇಲ್ಲದೆ, ಬಗ್ಗಿ ಬಟ್ಟೆಯಿಂದ ಒರೆಸಿ ಸುಮ್ಮನಾದಳು. ಎಂಟು ತಿಂಗಳಿಗೆ ಕೆಮ್ಮು ಬಂತು. ಬದುಕಿದಳು, ಆದರೆ ಒಂದು ಶ್ವಾಸಕೋಶ ಉಳಿಯಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀವು ಬೈತೀರಿ ಅಂತ ಅಂಜಿಕಿ ಬಂತ್ರಿ" ಎಂದಳು. ಆಗ ನನ್ನ ದನಿ ನಿಮ್ಮ ದನಿಗಿಂತ ದೊಡ್ಡದಿತ್ತು. ಅಂದಿನಿಂದ ನಾನು ಸಿಟ್ಟಿನಲ್ಲಿ ಮಾತಾಡುವುದಿಲ್ಲ, ಬರೆಯುತ್ತೇನೆ.

ಆದ್ದರಿಂದ ವಿಶಾಲ ಆ ದಿನ ಗಟ್ಟಿಯಾಗಿ ಹೇಳಿದ ಮಾತು ನನಗೆ ಎಷ್ಟು ದೊಡ್ಡದು ಎಂದು ನಿಮಗೆ ತಿಳಿಯಬೇಕು. ಕೈ ತಪ್ಪಿತು, ಬಾಯಿ ತಪ್ಪಲಿಲ್ಲ. ಅಂಥವರೇ ಒಳಗೆ ಇರಬೇಕು.

ಆದರೆ ನನ್ನ ಮನಸ್ಸಿನಂತೆ ಆಗುವುದಿಲ್ಲ. ನಮ್ಮ ಪ್ರಯೋಗಾಲಯ ನಡೆಸುವ ಟ್ರಸ್ಟಿನ ಸಮಿತಿ ಕೂತಿತ್ತು. ಒಂದೋ ಲಿಂಗ ಹೊರಗೆ, ಇಲ್ಲವೇ ಹುಡುಗಿ ಹೊರಗೆ, ಅರ್ಜಿ ಬರೆದುಕೊಳ್ಳುವ ಮೇಜಿಗೆ ಎಂದರು. ಅವರು ಹೇಳುವುದರಲ್ಲಿ ತಪ್ಪಿಲ್ಲ. ನಾನು ಒಂದು ಅವಕಾಶ ಕೇಳಿ ಪಡೆದಿದ್ದೇನೆ. ಸೆಪ್ಟೆಂಬರ್ ಮೂವತ್ತಕ್ಕೆ ನನ್ನ ನಿವೃತ್ತಿ. ಅದಕ್ಕೆ ಮೊದಲು ಒಂದು ದಿನ, ಯಾವುದೆಂದು ಹೇಳದೆ, ಖಾಲಿ ಕೋಣೆಯಲ್ಲಿ ಬಣ್ಣದ ನೀರಿನ ನಳಿಕೆ ಕೊಟ್ಟು ಕೆಲಸ ಮಾಡಿಸುತ್ತೇನೆ. ಮಧ್ಯದಲ್ಲಿ ಹೆದರಿಸುತ್ತೇನೆ. ಕೈ ಹೋದರೆ ಮುಗಿಯಿತು, ನನ್ನ ನಂತರ ಬರುವವರಿಗೆ ನಾನು ಏನೂ ಹೇಳಲಾರೆ. ಹೋಗದಿದ್ದರೆ ಲಿಂಗದೊಂದಿಗೇ ಒಳಗೆ ಹೋಗಲಿ ಎಂದು ಬರೆದಿಟ್ಟು ಹೋಗುತ್ತೇನೆ.

ಕಲಿಸಿದವರು ನೀವು ಎಂದಿರಿ. ಹಾಗಾದರೆ ಶುರುಮಾಡಿ.

ಎಡಿತ್


ಅಮರಗೋಳ
೨೬ ಸೆಪ್ಟೆಂಬರ್ ೨೦೨೪

ಎಡಿತಕ್ಕನವರಿಗೆ ಶರಣು ಶರಣಾರ್ಥಿ.

ನಿನ್ನೆಯ ಫಲಿತಾಂಶ ನಿಮಗೆ ಗೊತ್ತಿದೆ, ಕೊಟ್ಟವರೇ ನೀವು. ಆದರೂ ಬರೆಯದೆ ಇರಲಾರೆ. ನಿಮಗೆ ಗೊತ್ತಿಲ್ಲದ್ದು ಕೆಲವು ಇದೆ.

ಜುಲೈ ಐದರಿಂದ ನಮ್ಮ ಮನೆಯಲ್ಲಿ ಶಾಂತಿ ಎಂಬುದು ಇರಲಿಲ್ಲ. ಬೆಳಿಗ್ಗೆ ಪೂಜೆ ಮುಗಿದ ಮೇಲೆ ವಿಶಾಲ ಅಡುಗೆಮನೆಯ ಕಟ್ಟೆಯ ಮುಂದೆ ಎರಡು ಗವಸು ಹಾಕಿಕೊಂಡು ಕೂಡುವಳು, ಮುಂದೆ ನೀರು ತುಂಬಿದ ಸಣ್ಣ ಸೀಸೆಗಳು. ಒಂದರಿಂದ ಒಂದಕ್ಕೆ ಹನಿ ಹನಿ ಹಾಕುವಳು. ನಾನು ಹಿಂದಿನಿಂದ ಬಂದು ಹಿಟ್ಟು ನಾದುವ ಹಿತ್ತಾಳೆಯ ಪರಾತ ನೆಲಕ್ಕೆ ಒಗೆಯುವೆ. ಮೊದಲ ವಾರ ಏಳೂ ದಿನ ಕೈ ಎದೆಗೆ ಹೋಯಿತು. ಬಲಗವಸಿಗೆ ಗೌರಕ್ಕ ಅರಿಸಿನ ಹಚ್ಚಿರುತ್ತಿದ್ದಳು, ಕುಪ್ಪಸದ ಮೇಲೆ ಐದು ಬೆರಳು ಮೂಡುತ್ತಿದ್ದವು. ಆಕೆ ಆ ಕಲೆ ನೋಡಿ ಅಳುವಳು, ಮತ್ತೆ ಕೂಡುವಳು. ಆಗಸ್ಟಿನಲ್ಲಿ ಕೈ ಅರ್ಧ ಎದ್ದು ನಿಲ್ಲತೊಡಗಿತು. ಪರಾತದ ಸದ್ದಿಗೆ ಒಗ್ಗಿದ್ದಾಳೆ ಎಂದು ಗೌರಕ್ಕ ಅಂದಳು, ಹಾಗಾಗಿ ಬೇರೆ ಬೇರೆ ಹುಡುಕಿದೆ. ಪಟಾಕಿ ಹಚ್ಚಿದೆ. ಹೊಳೆಯಪ್ಪನನ್ನು ಕಿಟಕಿಯ ಕೆಳಗೆ ಅಡಗಿಸಿ ಕೂಗಿಸಿದೆ. ಆತ ಗುಣವಾಗಿದ್ದಾನೆ, ದನಿ ಪೂರ್ತಿ ಮರಳಿದೆ ಎಂದು ಅವತ್ತೇ ಖಾತ್ರಿಯಾಯಿತು. ಮಗ್ಗುಲ ಮನೆಯವರು ನಮ್ಮಲ್ಲಿ ದಿನಾ ಜಗಳ ನಡೆಯುತ್ತದೆ ಎಂದು ತಿಳಿದು ನನಗೆ ಬುದ್ಧಿ ಹೇಳಲು ಬಂದರು.

ಆಗಸ್ಟ್ ಕೊನೆಯ ರಕ್ತ ಪರೀಕ್ಷೆ ಸರಿ ಬಂದ ದಿನ ಮಾತ್ರ ರಜೆ ಕೊಟ್ಟೆ.

ಇಷ್ಟೆಲ್ಲ ಮಾಡುವಾಗ ನನ್ನ ಮನಸ್ಸು ಒಂದೇ ಹದದಲ್ಲಿ ಇರಲಿಲ್ಲ. ನಾಲ್ಕು ವರ್ಷದ ಆ ಮಗುವಿಗೆ ನಾನು ಕೊಟ್ಟದ್ದು ಒಂದೇ ಧೈರ್ಯ, ಅದನ್ನು ನಾನೇ ಬೆರಳು ಬೆರಳು ಬಿಡಿಸಿ ಕಿತ್ತುಕೊಳ್ಳುತ್ತಿದ್ದೇನೆ ಎಂದು ಅನ್ನಿಸುತ್ತಿತ್ತು. ಒಮ್ಮೆ ಆಕೆಯನ್ನೇ ಕೇಳಿಬಿಟ್ಟೆ. ಆಕೆ ಗವಸು ಕಳಚುತ್ತ ಹೇಳಿದಳು, "ಅಪ್ಪಾ, ಅವತ್ತು ತಟ್ಟಿಯೊಳಗ ಕೈ ಇಟ್ಟಾಗ ಹತ್ತು ಮಿನಿಟು ಅವ ಅಂಗೈಯಾಗ ಇದ್ದ. ಆದ್ರ ನನಗ ಅಂಜಿಕಿ ಹೋಗಿದ್ದು ಗಡಿಯಾರ ನೋಡಿ." ಹೇಳಿ, ಉಂಡ ತಾಟು ಎತ್ತಿಕೊಂಡು ತೊಳೆಯಲು ಹೋದಳು. ಅದೂ ಈಗ ರೂಢಿಯಾಗಿದೆ.

ನಿನ್ನೆ ನೀವು ನನ್ನನ್ನು ಗಾಜಿನ ಈಚೆ ನಿಲ್ಲಿಸಿದಿರಿ. ಆಕೆ ಬಣ್ಣದ ನೀರಿನ ನಳಿಕೆಗಳೊಂದಿಗೆ ಮುಕ್ಕಾಲು ತಾಸು ಕೆಲಸ ಮಾಡಿದಳು. ನೀವು ಹೆದರಿಸುವುದನ್ನು ಮರೆತಿರೇನೋ ಎಂದುಕೊಂಡೆ. ಆಮೇಲೆ ಹುಸೇನಬಾಷಾ ಉಕ್ಕಿನ ಟ್ರೇಯನ್ನು ಎಲ್ಲ ಸಲಕರಣೆ ಸಮೇತ ಕಲ್ಲಿನ ನೆಲಕ್ಕೆ ಬಿಟ್ಟ. ಅದೇ ಹೊತ್ತಿಗೆ ಆಕೆಯ ಕೈಯಲ್ಲಿದ್ದ ನಳಿಕೆ ಸೋರಿತು, ಅದನ್ನು ನೀವೇ ಮೊದಲೇ ತೂತು ಮಾಡಿ ಇಟ್ಟಿದ್ದಿರಂತೆ. ಕೆಂಪು ನೀರು ಗವಸಿನ ಮೇಲೆ ಇಳಿಯಿತು. ಆಕೆಯ ಹೆಗಲು ನಡುಗಿದ್ದು ನನಗೆ ಕಂಡಿತು. ಎರಡೂ ಕೈ ಗೂಡಿನೊಳಗೆ, ಇದ್ದಲ್ಲೇ ಇದ್ದವು.

ನೀವು ಆಕೆಯ ಕೈ ನೋಡುತ್ತಿದ್ದಿರಿ, ಅದು ನಿಮ್ಮ ಕೆಲಸ. ಆಕೆ ತಲೆ ಎತ್ತಿ ಗಾಜಿನ ಈಚೆ ನನ್ನನ್ನು ನೋಡಿದಳು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿದ್ದವು, ನಗುತ್ತಿದ್ದಳು. ಯಾಕೆ ನಗುತ್ತಾಳೆ ಎಂದು ತಿಳಿಯದೆ ನನ್ನನ್ನು ನಾನು ನೋಡಿಕೊಂಡೆ. ನನ್ನ ಬಲಗೈ ನನ್ನ ಎದೆಯ ಮೇಲಿತ್ತು, ಅಂಗಿಯ ಸಮೇತ ಕರಡಿಗೆಯನ್ನು ಹಿಡಿದಿತ್ತು.

ಸೋಮವಾರ ನಿಮ್ಮ ಕೊನೆಯ ದಿನ, ಆಕೆ ಮತ್ತೆ ಒಳಗೆ ಹೋಗುವ ಮೊದಲ ದಿನ. ಬರಲು ಕರೆದಿದ್ದೀರಿ. ನಾನು ಬರುವುದಿಲ್ಲ, ಎಡಿತಕ್ಕ. ಅಂಗಡಿಯಲ್ಲಿ ಕೂತಿರುತ್ತೇನೆ. ಅಂಜಿಕೆಯಾದರೆ ನನ್ನ ಕೈ ಎಲ್ಲಿಗೆ ಬೇಕಾದರೂ ಹೋಗಲಿ, ನನಗೆ ಯಾರ ಅಡ್ಡಿಯೂ ಇಲ್ಲ.

ನಿಮ್ಮ ತಮ್ಮ
ಗುರುಸಿದ್ದಯ್ಯ